ಮಕ್ಕಳ ಇಸುಬು: ಹಚ್ಚುವುದು, ತಿನ್ನಿಸುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಪಾಲಕರಿಗಾಗಿ ಏರ್ಪಡಿಸಿದ್ದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಪತ್ರ ಬರೆದಾಗ "ಏನಾದರೂ ಉಪಯೋಗದ ಮಾತು ಹೇಳ್ರಿ, ಅರ್ಧ ತಾಸಿನಾಗ ಮುಗಸ್ರಿ" ಎಂದಿದ್ದರು. ನಾನು ಈ ಶಾಲೆಯಲ್ಲಿ ಓದಿ, ಮುಂದೆ ಫಾರ್ಮಸಿ ಕಲಿತು, ಇಪ್ಪತ್ತು ವರ್ಷದ ಮೇಲಾಯಿತು ಔಷಧಿ ಕೊಡುವ ಕಿಟಕಿಯ ಹಿಂದೆ ನಿಂತವಳು. ವೈದ್ಯೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡು ಕಾರಣಕ್ಕೆ ಈ ವಿಷಯ ಆರಿಸಿಕೊಂಡೆ. ಒಂದು, ನನ್ನ ಮಗಳಿಗೆ ಮೂರು ತಿಂಗಳಿನಿಂದ ಇಸುಬು ಇತ್ತು. ಈಗ ಅವಳು ಪಿಯುಸಿ. ಎರಡು, ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ ಕಡೆಯ ತಾಯಂದಿರು ನನ್ನ ಕಿಟಕಿಗೆ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅಕ್ಕಾರ, ಶೇಂಗಾ ಬಂದ್ ಮಾಡೀವಿ, ತತ್ತಿ ಬಂದ್ ಮಾಡೀವಿ, ಬ್ಯಾಳಿನೂ ಬಂದ್ ಮಾಡೀವಿ, ಕೆರಿಯೋದು ಮಾತ್ರ ನಿಂತಿಲ್ರಿ." ಅವರ ಸೊಂಟದ ಮೇಲೆ ಕೂತ ಮಗುವನ್ನು ನೋಡಿದರೆ ಕೈಕಾಲು ಕಡ್ಡಿಯಂತಿರುತ್ತವೆ. ಮೈ ತುಂಬ ಗೀರು. ಅದರ ಮೇಲೆ ನಾಲ್ಕು ನಮೂನೆಯ ಕ್ರೀಮು. ತಿನ್ನುವುದೆಲ್ಲ ನಿಂತಿದೆ, ಹಚ್ಚುವುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಇದು ತಿರುವುಮುರುವು ಆಗಬೇಕು ಅನ್ನುವುದು ನನ್ನ ಇವತ್ತಿನ ಮಾತು.

ಮೊದಲು ಹೆಸರು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಕೆರೆತ ಅಂದರೆ ಎಲ್ಲಕ್ಕೂ ಕಜ್ಜಿ ಎನ್ನುತ್ತೇವೆ. ಮೂರು ಬೇರೆ ಬೇರೆ ರೋಗಗಳಿವೆ. ಬೆರಳ ಸಂದಿಯಲ್ಲಿ, ಸೊಂಟದ ಸುತ್ತ, ರಾತ್ರಿ ಹೆಚ್ಚಾಗಿ ತುರಿಸಿ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದರೆ ಅದು ಹುರುಕು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಉಂಗುರದ ಹಾಗೆ ಅಂಚು ಕೆಂಪಾಗಿ ನಡುವೆ ತಿಳಿಯಾಗುತ್ತ ಹೋದರೆ ಗಜಕರ್ಣ, ಅದು ಬೂಷ್ಟು, ಅದೂ ಹರಡುತ್ತದೆ. ಎಳೆಗೂಸಿನ ಕೆನ್ನೆಯ ಮೇಲೆ, ಸ್ವಲ್ಪ ದೊಡ್ಡದಾದ ಮೇಲೆ ಮೊಣಕೈ ಮೊಣಕಾಲಿನ ಮಡಿಕೆಯಲ್ಲಿ, ಒಣಗಿ, ಒಡೆದು, ಕೆಲವು ಸಲ ರಸ ಸೋರಿ, ಕಡಿಮೆಯಾಗಿ ಮತ್ತೆ ಬರುವುದು ಇಸುಬು. ಇಂಗ್ಲಿಷಿನಲ್ಲಿ ಎಕ್ಸಿಮಾ. ಇದು ಮುಟ್ಟಿದರೆ ಹರಡುವುದಿಲ್ಲ. ಒಂದೇ ಬೆಂಚಿನ ಮೇಲೆ ಕೂತರೆ ಹರಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ. ಇಲ್ಲಿ ಶಿಕ್ಷಕರು ಕೂತಿದ್ದೀರಿ. ಇಸುಬು ಇರುವ ಮಗುವನ್ನು ಹಿಂದಿನ ಬೆಂಚಿಗೆ ಒಂಟಿಯಾಗಿ ಕೂರಿಸಿದರೆ ಮಗುವಿನ ಮನಸ್ಸಿಗೆ ಆಗುವ ಗಾಯಕ್ಕೆ ನನ್ನ ಕಿಟಕಿಯಲ್ಲಿ ಔಷಧಿ ಸಿಗುವುದಿಲ್ಲ.

ಇಸುಬು ಏಕೆ ಬರುತ್ತದೆ? ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಮನೆಯಲ್ಲಿ ಶಹಾಬಾದ ಪರಸಿ ಹಾಸಿರುತ್ತೀರಲ್ಲ, ಕಲ್ಲು ಕಲ್ಲಿನ ನಡುವೆ ಸಂದಿ ತುಂಬಿದ್ದಿದ್ದರೆ ನೀರು ಕೆಳಗೆ ಇಳಿಯುವುದಿಲ್ಲ, ಇರುವೆ ಮೇಲೆ ಬರುವುದಿಲ್ಲ. ಸಂದಿಯ ಗಾರೆ ಉದುರಿದರೆ ಎರಡೂ ಆಗುತ್ತವೆ. ನಮ್ಮ ಚರ್ಮದ ಮೇಲ್ಪದರವೂ ಹಾಗೆಯೇ: ಸತ್ತ ಜೀವಕೋಶಗಳು ಪರಸಿ, ನಡುವಿನ ಕೊಬ್ಬು ಗಾರೆ. ಕೆಲವು ಮಕ್ಕಳು ಹುಟ್ಟುವಾಗಲೇ ಈ ಗಾರೆ ಸಡಿಲವಾಗಿರುವ ಚರ್ಮ ತರುತ್ತಾರೆ. ಫಿಲಾಗ್ರಿನ್ ಎಂಬ ಒಂದು ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಎಲ್ಲ ಮಕ್ಕಳಿಗೂ ಇದೇ ಕಾರಣ ಅಂತಲ್ಲ. ಆದರೆ ಚರ್ಮದ ಗೋಡೆ ಮೊದಲು ಬಿರುಕು ಬಿಡುತ್ತದೆ, ಅಲರ್ಜಿ ಅನೇಕ ಸಲ ಆಮೇಲೆ ಬರುತ್ತದೆ ಎಂಬುದು ಅಲ್ಲಿಂದ ಗಟ್ಟಿಯಾಯಿತು. ತಾಯಿ ಬದನೆಕಾಯಿ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂದು ಬಾಣಂತಿಯನ್ನು ಬೈಯುವವರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಈ ಬಿರುಕಿನ ಮೇಲೆ ನಾವು ಏನು ಹಚ್ಚುತ್ತೇವೆ? ಕಡಲೆ ಹಿಟ್ಟು, ಹಾಲಿನ ಕೆನೆ, ಅರಿಶಿಣ ಕಲಸಿ ಎಳೆಗೂಸಿಗೆ ಉಜ್ಜಿ ಮೀಸುತ್ತೇವೆ. ಒಳ್ಳೆ ಎಳ್ಳೆಣ್ಣೆ, ಶೇಂಗಾ ಎಣ್ಣೆ ತಿಕ್ಕುತ್ತೇವೆ. ಆರೋಗ್ಯವಂತ ಚರ್ಮಕ್ಕೆ ಇದರಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಒಡೆದ ಚರ್ಮದ ಕಥೆ ಬೇರೆ.

ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನವೊಂದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಶೇಂಗಾ ಅಲರ್ಜಿ ಇದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಕೂಸಾಗಿದ್ದಾಗ ಶೇಂಗಾ ಎಣ್ಣೆ ಇದ್ದ ಕ್ರೀಮನ್ನು ಕೆಂಪಾದ ಚರ್ಮಕ್ಕೆ ಹಚ್ಚಿದ್ದು ಕಂಡುಬಂತು. ತಾಯಿ ಗರ್ಭಿಣಿಯಾಗಿದ್ದಾಗ ಶೇಂಗಾ ತಿಂದದ್ದಕ್ಕೂ ಅಲರ್ಜಿಗೂ ಸಂಬಂಧ ಕಾಣಲಿಲ್ಲ. ಜಪಾನಿನಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಅಲ್ಲಿ ಒಂದು ಮುಖ ತೊಳೆಯುವ ಸಾಬೂನಿನಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ್ದರು. ದಿನಾ ಅದರಿಂದ ಮುಖ ತೊಳೆದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಆಮೇಲೆ ಗೋಧಿ ತಿಂದರೆ ಆಗದ ಸ್ಥಿತಿ ಬಂತು. ಕಣ್ಣು ಊದುವುದು, ಕೆಲವರಿಗೆ ಉಸಿರು ಕಟ್ಟುವುದು. 2011ರಲ್ಲಿ ಸಾಬೂನನ್ನು ವಾಪಸ್ ಪಡೆದರು. ಅದುವರೆಗೆ ಆರಾಮಾಗಿ ಗೋಧಿ ತಿಂದುಕೊಂಡಿದ್ದ ದೊಡ್ಡವರು ಅವರು. ದೇಹಕ್ಕೆ ಅದೇ ಪದಾರ್ಥ ಬಾಯಿಯಿಂದ ಬಂದರೆ ನೆಂಟ, ಚರ್ಮದಿಂದ ನುಸುಳಿದರೆ ಕಳ್ಳ.

ಬಾಯಿಯ ದಾರಿಯ ಬಗ್ಗೆಯೂ ಒಂದು ದೊಡ್ಡ ಪರೀಕ್ಷೆ ಆಗಿದೆ. ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ವೈದ್ಯರು, ಇಸ್ರೇಲಿನ ಮಕ್ಕಳಿಗಿಂತ ಲಂಡನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿರುವುದನ್ನು ಗಮನಿಸಿದರು. ಇಸ್ರೇಲಿನಲ್ಲಿ ಹಲ್ಲು ಬರುವ ಮೊದಲೇ ಕೂಸುಗಳು ಶೇಂಗಾದ ಮೆತ್ತನೆಯ ತಿಂಡಿ ಚೀಪುತ್ತವೆ. ಲಂಡನ್ನಿನಲ್ಲಿ ಆಗ ಕೂಸುಗಳಿಗೆ ಶೇಂಗಾ ಕೊಡುತ್ತಿರಲಿಲ್ಲ. ಅವರು ತೀವ್ರ ಇಸುಬು ಅಥವಾ ತತ್ತಿಯ ಅಲರ್ಜಿ ಇದ್ದ 640 ಕೂಸುಗಳನ್ನು, 4ರಿಂದ 11 ತಿಂಗಳ ವಯಸ್ಸಿನವನ್ನು, ಎರಡು ಗುಂಪು ಮಾಡಿ ಒಂದಕ್ಕೆ ಶೇಂಗಾ ತಿನ್ನಿಸಿದರು, ಇನ್ನೊಂದಕ್ಕೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. 2015ರಲ್ಲಿ ಫಲಿತಾಂಶ ಬಂತು. ಶುರುವಿನ ಚರ್ಮಪರೀಕ್ಷೆಯಲ್ಲಿ ಏನೂ ತೋರದ ಮಕ್ಕಳಲ್ಲಿ, ತಿನ್ನದವರ ಪೈಕಿ ನೂರಕ್ಕೆ ಸುಮಾರು 14 ಜನಕ್ಕೆ ಶೇಂಗಾ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ ಇಬ್ಬರಿಗೆ. ಇದನ್ನು ಕೇಳಿ ಇವತ್ತೇ ಮನೆಗೆ ಹೋಗಿ ಮೈಯೆಲ್ಲ ಇಸುಬು ಇರುವ ಕೂಸಿನ ಬಾಯಿಗೆ ಶೇಂಗಾ ಹಿಂಡಿ ಇಡಬೇಡಿ; ಇಸುಬು ಜೋರಾಗಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಬೇಕು. ಇಡೀ ಕಾಳನ್ನಂತೂ ಐದು ವರ್ಷದ ಒಳಗಿನ ಯಾವ ಮಗುವಿಗೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದರೆ "ಇಸುಬು ಐತಿ, ಅದಕ್ಕೇ ಶೇಂಗಾ ಕೊಡಂಗಿಲ್ಲ" ಎಂದು ನಮಗೆ ನಾವೇ ತೀರ್ಮಾನ ಮಾಡುವುದು ಮಗುವನ್ನು ಕಾಯುವ ದಾರಿಯಲ್ಲ.

ಈಗ ರಕ್ತಪರೀಕ್ಷೆಯ ಮಾತು. ನನ್ನ ಮಗಳಿಗೆ ಎಂಟು ತಿಂಗಳಿದ್ದಾಗ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅಲರ್ಜಿಯ ರಕ್ತಪರೀಕ್ಷೆ ಆಯಿತು. ವರದಿ ಎರಡು ಹಾಳೆ. ಇಪ್ಪತ್ತಮೂರು ಪದಾರ್ಥಗಳ ಮುಂದೆ ಗುರುತು: ಹಾಲು, ತತ್ತಿ, ಗೋಧಿ, ಅಕ್ಕಿ, ಶೇಂಗಾ, ತೊಗರಿ, ಕಡಲೆ, ಎಳ್ಳು, ಬಾಳೆಹಣ್ಣು, ಬದನೆ, ಹೀಗೆ. ನಮ್ಮ ಅತ್ತೆಯವರು ಅದನ್ನು ಓದಿಸಿ ಕೇಳಿ, "ಹಂಗಾದ್ರ ಕೂಸಿಗಿ ಗಾಳಿ ತಿನಸಬೇಕೇನ?" ಎಂದರು. ಕಲಬುರಗಿಯಲ್ಲಿ ನಾವು ಕಂಡ ಮಕ್ಕಳ ವೈದ್ಯರು ಆ ಹಾಳೆಗಳನ್ನು ಮಡಚಿ ಬದಿಗಿಟ್ಟು, ಮಗು ಇವುಗಳಲ್ಲಿ ಯಾವುದನ್ನು ತಿಂದಿದೆ, ತಿಂದು ಎಷ್ಟು ಹೊತ್ತಿಗೆ ಏನಾಯಿತು ಎಂದು ಒಂದೊಂದಾಗಿ ಕೇಳಿದರು. ತೊಗರಿ ಬೇಳೆಯ ಕಟ್ಟು ಕುಡಿದಿದ್ದಳು, ಏನೂ ಆಗಿರಲಿಲ್ಲ. ಗೋಧಿ, ಬಾಳೆಹಣ್ಣು, ಹಾಲು ಕೂಡ ಹಾಗೆಯೇ. ಉಳಿದವನ್ನು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಿದರು. ಇಪ್ಪತ್ತಮೂರರಲ್ಲಿ ನಿಜವಾದ ಅಲರ್ಜಿ ಉಳಿದದ್ದು ಒಂದೇ, ತತ್ತಿ. ಕಾಲು ತಾಸಿನೊಳಗೆ ಬಾಯಿ ಸುತ್ತ, ಎದೆಯ ಮೇಲೆ ಪಿತ್ತದ ಗಂಧೆ ಎದ್ದವು. ತತ್ತಿಯೊಂದನ್ನು ಬಿಟ್ಟು ಎಲ್ಲ ಉಣಿಸಿದೆವು. ಆರು ವರ್ಷಕ್ಕೆ ಮತ್ತೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ತತ್ತಿಯೂ ಹಿಡಿಸಿತು. ಹಾಲು, ತತ್ತಿಯ ಅಲರ್ಜಿ ಬಹಳ ಮಕ್ಕಳಲ್ಲಿ ಹೀಗೆ ಬೆಳೆಯುತ್ತ ಹೋಗಿಬಿಡುತ್ತದೆ; ಶೇಂಗಾದ್ದು ಹೆಚ್ಚಾಗಿ ಉಳಿಯುತ್ತದೆ.

ಇದು ನಮ್ಮೊಬ್ಬರ ಮನೆಯ ಕಥೆ ಅಂತ ನೀವು ಹೇಳಬಹುದು. ಕರ್ನಾಟಕದ್ದೇ ಲೆಕ್ಕ ಇದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರು ಭಾಗದ ದೊಡ್ಡವರಲ್ಲಿ ನಡೆಸಿದ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಅಲರ್ಜಿಯ ಗುರುತು ತೋರಿದವರು ನೂರಕ್ಕೆ 26ಕ್ಕೂ ಹೆಚ್ಚು. ತಿಂದರೆ ಆಗುವುದಿಲ್ಲ ಎಂಬ ನಿಜವಾದ ಅಲರ್ಜಿ ಇರಬಹುದಾದವರು ನೂರಕ್ಕೆ ಸುಮಾರು ಒಬ್ಬರು. ಮುಂದೆ ಶಾಲಾ ಮಕ್ಕಳಲ್ಲೂ ಇಂಥದೇ ಸಮೀಕ್ಷೆ ಆದಾಗ ನಮ್ಮ ಮಕ್ಕಳಲ್ಲಿ ನಿಜವಾದ ಅಲರ್ಜಿ ಸಾವಿರಕ್ಕೆ ಒಂದೆರಡು ಮಾತ್ರ ಕಂಡಿತು. ಜೋರಾದ ಇಸುಬು ಇರುವ ಮಕ್ಕಳಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ರಕ್ತದ ಗುರುತು ಬೇರೆ, ರೋಗ ಬೇರೆ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆಯಲ್ಲಿ ಒಂದು ಹಾಳೆ ನೋಡಿ ಮಗುವಿನ ತಟ್ಟೆಯಿಂದ ಬೇಳೆ ತೆಗೆಯುವುದು, ಅದೂ ಮೊದಲೇ ತೂಕ ಇಲ್ಲದ ಮಗುವಿಗೆ, ನನಗೆ ನೋಡಲಾಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಆರಾಮಾಗಿ ತಿನ್ನುತ್ತಿದ್ದ ಪದಾರ್ಥವನ್ನು ಇಸುಬಿನ ನೆಪದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ, ಆಮೇಲೆ ಒಮ್ಮೆಗೇ ಕೊಟ್ಟಾಗ ಕೆಲವು ಮಕ್ಕಳಿಗೆ ಮೊದಲು ಇಲ್ಲದ ತೀವ್ರ ಅಲರ್ಜಿ ಎದ್ದದ್ದುಂಟು. ಏನಾದರೂ ನಿಲ್ಲಿಸಲೇಬೇಕೆಂದಿದ್ದರೆ ವೈದ್ಯರ ಮಾತಿನ ಮೇಲೆ, ಒಂದೇ ಪದಾರ್ಥ, ಎರಡರಿಂದ ನಾಲ್ಕು ವಾರ, ಆಮೇಲೆ ಅವರು ಹೇಳಿದಂತೆ ಮರಳಿ ಕೊಟ್ಟು ನೋಡುವುದು. ಯಾವುದು ನಿಜವಾದ ಆಹಾರದ ಅಲರ್ಜಿ ಎಂದರೆ, ಹೆಚ್ಚಾಗಿ ತಿಂದು ಕೆಲವು ನಿಮಿಷದಿಂದ ಎರಡು ತಾಸಿನೊಳಗೆ ಗಂಧೆ, ತುಟಿ ಕಣ್ಣು ಊದುವುದು, ವಾಂತಿ, ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುವುದು, ಮತ್ತೆ ತಿಂದಾಗಲೂ ಅದೇ ಆಗುವುದು. ನಿನ್ನೆ ಬದನೆಕಾಯಿ ತಿಂದು ಇವತ್ತು ಮೊಣಕಾಲು ತುರಿಸಿದರೆ ಬದನೆಕಾಯಿಯನ್ನು ಬೈಯುವುದು ಅನ್ಯಾಯ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ: ಟ್ಯೂಬಿನ ಹಿಂಬದಿ. ನಮ್ಮೂರಿನವರಿಗೆ ಹಿಂಬದಿ ಓದುವ ಮಹತ್ವ ಬೇರೆಯವರು ಹೇಳಬೇಕಿಲ್ಲ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹದ ಪೀಠವಾಗಿದ್ದ ಕಲ್ಲನ್ನು ಎಷ್ಟು ತಲೆಮಾರು ಕೈಮುಗಿದು ನೋಡಿದ್ದರೋ. 1986ರಲ್ಲಿ ಮಾಳಿಗೆ ಕುಸಿದ ಮೇಲೆ ತಾನೆ ಅದರ ಮೇಲೆ ಅಶೋಕನ ಅಕ್ಷರಗಳಿವೆ ಎಂದು ಗೊತ್ತಾದದ್ದು! ಕ್ರೀಮಿನ ಟ್ಯೂಬಿನಲ್ಲೂ ಮುಂದೆ ನಗುವ ಕೂಸಿನ ಚಿತ್ರ, "ಬೇಬಿ", "ನೈಸರ್ಗಿಕ", "ಹರ್ಬಲ್" ಎಂಬ ಮಾತು. ಒಳಗೆ ಏನಿದೆ ಎಂಬುದು ಹಿಂದೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ.

ನನ್ನ ಮಗಳಿಗೆ ಊಟ ಸರಿಹೋದ ಮೇಲೂ ಕುತ್ತಿಗೆ ಮತ್ತು ಕಣ್ಣಿನ ರೆಪ್ಪೆಯ ಕೆಂಪು ಹೋಗಲಿಲ್ಲ. ಬೆಂಗಳೂರಿನ ಬಂಧುಗಳು ಪ್ರೀತಿಯಿಂದ ಕಳಿಸುತ್ತಿದ್ದ ದುಬಾರಿ ಕ್ರೀಮಿನ ಹಿಂಬದಿಯಲ್ಲಿ ಲ್ಯಾನೊಲಿನ್ ಎಂದಿತ್ತು. ಕುರಿಯ ಉಣ್ಣೆಯಿಂದ ತೆಗೆಯುವ ಮೇಣ ಅದು. ಬಹಳ ಜನರಿಗೆ ಒಳ್ಳೆಯದೇ, ಆದರೆ ಒಡೆದ ಚರ್ಮದವರಲ್ಲಿ ಕೆಲವರಿಗೆ ಆಗುವುದಿಲ್ಲ. ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಈ ಪಟ್ಟಿಪರೀಕ್ಷೆ ರಕ್ತಪರೀಕ್ಷೆಯಲ್ಲ, ಬೇರೆಯೇ. ಎರಡು ದಿನ ಪಟ್ಟಿ ಬೆನ್ನ ಮೇಲಿರಬೇಕು, ತೆಗೆದಾಗ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಒಮ್ಮೆ ನೋಡುತ್ತಾರೆ. ಕ್ರೀಮಿನ ಅಲರ್ಜಿ ತಡವಾಗಿ ಏಳುವಂಥದು, ಅದಕ್ಕೇ ರಕ್ತದಲ್ಲಿ ಸಿಗುವುದಿಲ್ಲ. ಲ್ಯಾನೊಲಿನ್ ಜಾಗದಲ್ಲಿ ಕೆಂಪಗೆ ಎದ್ದಿತ್ತು. ಕ್ರೀಮು ನಿಲ್ಲಿಸಿದ ಮೂರನೆಯ ವಾರಕ್ಕೆ ರೆಪ್ಪೆ ತಿಳಿಯಾಯಿತು.

ಹಾಗಾದರೆ ಹಿಂಬದಿಯಲ್ಲಿ ಏನು ಹುಡುಕಬೇಕು? ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವುದು ಮೊದಲು ಬರುತ್ತದೆ. ಪರ್ಫ್ಯೂಮ್, ಫ್ರೇಗ್ರೆನ್ಸ್ ಎಂದಿದ್ದರೆ ಸುವಾಸನೆ. ಇಸುಬಿನ ಮಗುವಿಗೆ ಬೇಡ. ಮಿಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಕೆಡದಂತೆ ಇಡುವ ರಾಸಾಯನಿಕವನ್ನು ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಸಾರಿತು. ಒರೆಸುವ ತೇವದ ಬಟ್ಟೆಗಳಲ್ಲಿ, ಶಾಂಪೂಗಳಲ್ಲಿ ಇರುತ್ತದೆ. ನಿಯೋಮೈಸಿನ್ ನಮ್ಮ ಕಡೆ ಗಾಯಕ್ಕೆ ಹಚ್ಚುವ ಮುಲಾಮುಗಳಲ್ಲಿ ಸಾಮಾನ್ಯ. ಅದೂ ಇದೇ ಜಾತಿ. ಆಹಾರದ ಪದಾರ್ಥಗಳು ಲ್ಯಾಟಿನ್ ಹೆಸರು ಹಾಕಿಕೊಂಡು ಬರುತ್ತವೆ. ಅರಾಕಿಸ್ ಎಂದರೆ ಶೇಂಗಾ. ಸೆಸಮಮ್ ಇಂಡಿಕಮ್ ಎಂದರೆ ಎಳ್ಳು. ಪ್ರೂನಸ್ ಅಮಿಗ್ಡಲಸ್ ಬಾದಾಮಿ, ಗ್ಲೈಸಿನ್ ಸೋಜಾ ಸೋಯಾ, ಅವೆನಾ ಸಟೈವಾ ಓಟ್ಸ್, ಟ್ರಿಟಿಕಮ್ ಗೋಧಿ. ಮಗುವಿಗೆ ಯಾವುದಕ್ಕೆ ಅಲರ್ಜಿ ಇದೆಯೋ ಅದರ ಲ್ಯಾಟಿನ್ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಮೊಬೈಲಿನ ಕವಚದಲ್ಲಿ ಇಟ್ಟುಕೊಳ್ಳಿ. ಹೊಸ ಕ್ರೀಮು ತಂದರೆ ಮೈಗೆಲ್ಲ ಹಚ್ಚುವ ಮೊದಲು ಮೊಣಕೈ ಒಳಬದಿಯ ಚೆನ್ನಾಗಿರುವ ಚರ್ಮದ ಮೇಲೆ ಎಂಟಾಣೆಯಷ್ಟು ಜಾಗಕ್ಕೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ ಬಿಟ್ಟುಬಿಡಿ. ಇದಕ್ಕೆ ಖರ್ಚಿಲ್ಲ, ಬೇಕಾದದ್ದು ಒಂದು ವಾರ. ಮಗುವಿಗೆ ಯಾವುದಾದರೂ ತಿಂದರೆ ಗಂಧೆ ಏಳುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಅದು ಇರುವ ಕ್ರೀಮನ್ನು ಹೀಗೆ ಪರೀಕ್ಷೆಗೂ ಹಚ್ಚಬೇಡಿ.

ತಿನ್ನುವ ಪೊಟ್ಟಣಗಳ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಗ್ಲೂಟೆನ್ ಇರುವ ಧಾನ್ಯ, ಹಾಲು, ತತ್ತಿ, ಮೀನು, ಸಿಗಡಿಯಂಥವು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜ, ಸೋಯಾ, ಸಲ್ಫೈಟ್ ಇದ್ದರೆ ಬೇರೆಯಾಗಿ ಎತ್ತಿ ಬರೆಯಬೇಕು. ಎಳ್ಳು, ಸಾಸಿವೆ, ಕಡಲೆ, ತೊಗರಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಎಳ್ಳಿನ ಅಲರ್ಜಿ ಇದ್ದವರು ಪೂರ್ತಿ ಪಟ್ಟಿ ಓದಲೇಬೇಕು. ಎಳ್ಳಮಾಸಿಗೆ ಮಾಡುವ ಸಜ್ಜಿ ರೊಟ್ಟಿಗೆ, ಜಾತ್ರೆಯ ಬೆಂಡು ಬತ್ತಾಸಿಗೆ ಲೇಬಲ್ಲೇ ಇಲ್ಲ. ಅಲ್ಲಿ ಮಾಡಿದವರನ್ನೇ ಕೇಳಬೇಕು.

ಇಸುಬಿಗೆ ನಿಜವಾಗಿ ಮಾಡಬೇಕಾದದ್ದು ಬೇಸರ ತರುವಷ್ಟು ಸರಳ. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಸ್ನಾನ. ಸುಡುನೀರು ಬೇಡ, ಉಜ್ಜುವ ಕಲ್ಲು, ನಾರು ಬೇಡ, ಸಾಬೂನು ಕೊಳೆ ಇರುವಲ್ಲಿ ಮಾತ್ರ. ಒರೆಸದೆ ಒತ್ತಿ, ಚರ್ಮ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ. ಧಾರಾಳ ಅಂದರೆ ಎಷ್ಟು? ಮೈಯೆಲ್ಲ ಇಸುಬು ಇರುವ ಮಗುವಿಗೆ ವಾರಕ್ಕೆ ಕಾಲು ಕಿಲೋ. ಬೆರಳ ತುದಿಯಲ್ಲಿ ಮುಟ್ಟಿಸಿದಂತೆ ಹಚ್ಚಿ "ಗುಣ ಬರಲಿಲ್ಲ" ಎನ್ನುವವರೇ ಹೆಚ್ಚು. ದಿನಕ್ಕೆ ಎರಡು ಮೂರು ಸಲ, ಚರ್ಮ ಚೆನ್ನಾಗಿರುವ ದಿನವೂ. ಕೊಬ್ಬರಿ ಎಣ್ಣೆ ಹಲವು ಮಕ್ಕಳಿಗೆ ಹಿಡಿಸುತ್ತದೆ. ಆಲಿವ್ ಎಣ್ಣೆ ಒಳ್ಳೆಯದೆಂದು ಸಾವಿರ ರೂಪಾಯಿ ಕೊಟ್ಟು ತರುತ್ತಾರೆ; ಅದು ಚರ್ಮದ ಗೋಡೆಯನ್ನು ಕೆಡಿಸುತ್ತದೆ ಎಂದು ಶೆಫೀಲ್ಡಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಸಾಸಿವೆ ಎಣ್ಣೆಯೂ ಬೇಡ.

ಸುಣ್ಣದ ಕಲ್ಲಿನ ನೆಲ ನಮ್ಮದು, ನೀರು ಗಡಸು, ಸಾಬೂನು ನೊರೆ ಬರುವುದಿಲ್ಲ. ಅದಕ್ಕೆ ನೀರು ಮೃದು ಮಾಡುವ ಯಂತ್ರ ತರಬೇಕೇ ಎಂದು ವಾಡಿಯ ಒಬ್ಬರು ಕೇಳಿದ್ದರು. ಇಂಗ್ಲೆಂಡಿನಲ್ಲಿ ಇಸುಬು ಇದ್ದ 336 ಮಕ್ಕಳ ಮೇಲೆ ಅದನ್ನೇ ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು: ಯಂತ್ರದಿಂದ ಇಸುಬು ಹೆಚ್ಚೇನೂ ತಗ್ಗಲಿಲ್ಲ. ಆ ದುಡ್ಡಿಗೆ ಜೆಲ್ಲಿಯ ಡಬ್ಬಿ ತಂದುಕೊಳ್ಳಿ. ಸಿಮೆಂಟ್ ಕಾರ್ಖಾನೆ, ಪರಸಿ ಗಣಿಯಿಂದ ಬಂದ ಅಪ್ಪಂದಿರು ಮೈ ತೊಳೆದು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಸಿಮೆಂಟಿನ ಧೂಳು ಕ್ಷಾರ, ಒಡೆದ ಚರ್ಮಕ್ಕೆ ಉರಿ. ಏಪ್ರಿಲ್ ಮೇ ತಿಂಗಳಲ್ಲಿ ಬೆವರೇ ದೊಡ್ಡ ಶತ್ರು. ತೆಳು ಹತ್ತಿಬಟ್ಟೆ, ನಡುಹಗಲು ಒದ್ದೆ ಬಟ್ಟೆಯಿಂದ ಒತ್ತಿ ಮತ್ತೆ ಜೆಲ್ಲಿ. ಉಗುರು ಕತ್ತರಿಸಿ.

ಸ್ಟೆರಾಯ್ಡ್ ಕ್ರೀಮಿನ ಬಗ್ಗೆ ಎರಡು ಬಗೆಯ ಜನರನ್ನು ನೋಡುತ್ತೇನೆ. ಒಬ್ಬರು ಹೆಸರು ಕೇಳಿದರೇ ಹೆದರಿ ವೈದ್ಯರು ಬರೆದದ್ದನ್ನೂ ಹಚ್ಚುವುದಿಲ್ಲ. ಇನ್ನೊಬ್ಬರು ಮೂರು ಔಷಧಿ ಒಟ್ಟುಗೂಡಿಸಿದ ಟ್ಯೂಬನ್ನು, ಬೂಷ್ಟಿನ ಔಷಧಿ, ನಿಯೋಮೈಸಿನ್, ಜೋರಾದ ಸ್ಟೆರಾಯ್ಡ್ ಒಂದರಲ್ಲೇ ಇರುವುದನ್ನು, ಚೀಟಿ ಇಲ್ಲದೆ ಕೊಂಡು ಗಜಕರ್ಣಕ್ಕೂ ಇಸುಬಿಗೂ ಮುಖದ ಕಪ್ಪಿಗೂ ಹಚ್ಚುತ್ತಾರೆ. ಎರಡು ದಿನದಲ್ಲಿ ಕೆರೆತ ನಿಲ್ಲುತ್ತದೆ, ಆರು ತಿಂಗಳಲ್ಲಿ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣತೊಡಗುತ್ತವೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಹಚ್ಚುವ ಸ್ಟೆರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ನಮ್ಮ ಕಸುಬಿನವರೇ ಅದನ್ನು ಮುರಿಯುವುದನ್ನು ಕಂಡಿದ್ದೇನೆ, ಹೇಳಲು ನಾಚಿಕೆಯಾಗುತ್ತದೆ. ವೈದ್ಯರು ಮಗುವಿನ ವಯಸ್ಸಿಗೆ, ಜಾಗಕ್ಕೆ ತಕ್ಕ ಸೌಮ್ಯವಾದದ್ದನ್ನು ಕೆಲವು ದಿನಕ್ಕೆ ಬರೆದುಕೊಟ್ಟರೆ ಹೆದರದೆ ಹಚ್ಚಿ. ಅಳತೆ ಹೀಗೆ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ; ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಗಾಯದ ಮೇಲೆ ಹಳದಿ ಹೆಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಗುಂಪು ಗುಂಪಾಗಿ ನೀರ್ಗುಳ್ಳೆ ಎದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಶಿಕ್ಷಕರಿಗೆ. 2021ರ ಡಿಸೆಂಬರಿನಿಂದ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ತತ್ತಿ ಬಂತು, ತತ್ತಿ ತಿನ್ನದವರಿಗೆ ಬಾಳೆಹಣ್ಣು; ಕೆಲವು ಕಾಲ ಚಿಕ್ಕಿಯನ್ನೂ ಕೊಟ್ಟರು. ಬಹಳ ಒಳ್ಳೆಯ ಕೆಲಸ, ಅದರ ಮೇಲೆ ನನಗೆ ಅನುಮಾನವಿಲ್ಲ. ಆದರೆ ಆ ಚಿಕ್ಕಿ ಶೇಂಗಾದ್ದಾಗಿತ್ತು. ತತ್ತಿ ಒಲ್ಲದ ಮಗುವಿಗೆ ಶೇಂಗಾ ಅಲರ್ಜಿ ಇದ್ದರೆ ಬಾಳೆಹಣ್ಣನ್ನೇ ಕೊಡಬೇಕಾಗಿತ್ತು. ಅದಕ್ಕೆ ಪ್ರತಿ ವರ್ಷ ದಾಖಲಾತಿಯ ಹೊತ್ತಿಗೆ ಒಂದು ವಹಿ: ಮಗುವಿನ ಹೆಸರು, ಯಾವ ಪದಾರ್ಥ, ತಿಂದಾಗ ಏನಾಗಿತ್ತು, ವೈದ್ಯರು ನೋಡಿ ಹೇಳಿದ್ದೋ ಮನೆಯವರ ಅನುಮಾನವೋ, ಯಾರಿಗೆ ಫೋನು. ಅಡುಗೆಯ ಅಕ್ಕಂದಿರಿಗೆ ಅದು ಗೊತ್ತಿರಬೇಕು. ಯಾವುದಾದರೂ ಮಗುವಿಗೆ ತಿಂದೊಡನೆ ಗಂಧೆಯ ಜೊತೆಗೆ ಉಸಿರಾಟ ಕಷ್ಟವಾದರೆ, ದನಿ ಒಡೆದರೆ, ಕಣ್ಣು ಕತ್ತಲೆ ಬಂದರೆ ಮನೆಯವರು ಬರಲಿ ಎಂದು ಕಾಯದೆ 108ಕ್ಕೆ ಫೋನು ಮಾಡಿ. ಮಲಗಿಸಿ, ಕಾಲು ಎತ್ತರಿಸಿ. ಉಬ್ಬಸವಿದ್ದರೆ ಕೂರಿಸಿ, ಎದ್ದು ನಡೆಸಬೇಡಿ. ಅಲ್ಲಿ ಬೇಕಾಗುವ ಔಷಧಿ ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಸ್ನಾಯುವಿಗೆ, ಮಗುವಿನ ತೂಕದ ಲೆಕ್ಕದಲ್ಲಿ. ಹೊರದೇಶದಲ್ಲಿ ಸಿಗುವ ಪೆನ್ನಿನಂಥ ಸಾಧನ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಮಗುವನ್ನು ಬೇಗ ಆಸ್ಪತ್ರೆ ಮುಟ್ಟಿಸುವುದೇ ದಾರಿ. ಅಲರ್ಜಿಯ ಗುಳಿಗೆ ಅಷ್ಟಕ್ಕೆ ಸಾಲದು.

ವಹಿಯ ಒಂದು ನಮೂನೆಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಸಮಿತಿಯವರು ಮೊದಲೇ ಹೇಳಿದಂತೆ ಮನೆಯಿಂದ ಕ್ರೀಮಿನ ಟ್ಯೂಬು, ಎಣ್ಣೆಯ ಶೀಶೆ, ರಕ್ತಪರೀಕ್ಷೆಯ ಹಾಳೆ ತಂದವರು ಊಟ ಮುಗಿಸಿಕೊಂಡು ಏಳನೆಯ ತರಗತಿಯ ಕೋಣೆಗೆ ಬನ್ನಿ. ಕನ್ನಡಕ ತಂದಿದ್ದೇನೆ, ಹಿಂಬದಿ ಓದಿ ಹೇಳುತ್ತೇನೆ.